ರಿಸಾಲ್ವ್.ಕಾನ್ಫ್ ತಿದ್ದಿದರೆ ಮತ್ತೆ ಹಳೇದೇ ಬರುತ್ತದೆ, ಯಾಕೆ?

ಪ್ರಶ್ನೆ: ಸಾರ್, ನಮ್ಮದು ಹೊಸನಗರ ತಾಲ್ಲೂಕು. ಮನೆಯಲ್ಲಿ ಒಂದು ಉಬುಂಟು ಲ್ಯಾಪ್‌ಟಾಪ್ ಇದೆ. ನಾನು ಕೆಲಸ ಮಾಡುವ ಅಡಿಕೆ ಸೊಸೈಟಿಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ, ಅದರಲ್ಲಿ ಡೆಬಿಯನ್ 12. ಎರಡರಲ್ಲೂ ನೆಟ್ ನಿಧಾನ. ಸೊಸೈಟಿಯದ್ದು ಇನ್ನೂ ವಿಚಿತ್ರ, ಯಾವ ಸೈಟ್ ಒತ್ತಿದರೂ ಐದು ಸೆಕೆಂಡ್ ಸುಮ್ನೆ ಕೂತು ಆಮೇಲೆ ತಟ್ಟನೆ ಓಪನ್ ಆಗುತ್ತದೆ. ಬೆಂಗಳೂರಿನಲ್ಲಿರುವ ಮಗ ಡಿಎನ್‌ಎಸ್ (ಸೈಟಿನ ಹೆಸರಿಗೆ ನಂಬರ್ ಹುಡುಕಿಕೊಡುವ ಏರ್ಪಾಟಂತೆ) ಬದಲಿಸಿ ನೋಡಿ ಅಂದ. ರಿಸಾಲ್ವ್.ಕಾನ್ಫ್ ಫೈಲ್ ತೆಗೆದರೆ ಸೊಸೈಟಿಯದ್ದರಲ್ಲಿ 192.168.1.10 ಅಂತ ಒಂದು, 192.168.1.1 ಅಂತ ಇನ್ನೊಂದು ಸಾಲಿತ್ತು. ಮನೆಯದ್ದರಲ್ಲಿ 127.0.0.53 ಇತ್ತು. ಎರಡರಲ್ಲೂ ಅಳಿಸಿ 1.1.1.1 ಹಾಕಿದೆ, ಸರಿಯಾಯ್ತು. ಕರೆಂಟ್ ಹೋಗಿ ಬಂದ ಮೇಲೆ ನೋಡಿದರೆ ಹಳೇದೇ ಬಂದು ಕೂತಿದೆ. ಮೂರು ಸಲ ಹೀಗೇ ಆಯ್ತು. ಫೈಲನ್ನು ಯಾರೂ ಮುಟ್ಟದ ಹಾಗೆ ಲಾಕ್ ಮಾಡುವ ಕಮಾಂಡ್ ಒಂದಿದೆಯಂತೆ. ಹಾಕಿಬಿಡಲಾ?

ಉತ್ತರ: ಹಾಕಬೇಡಿ. ಯಾಕೆ ಬೇಡ ಅನ್ನುವುದನ್ನು ಆಮೇಲೆ ಹೇಳುತ್ತೇನೆ, ಆ ಕಮಾಂಡ್ ಹಾಕಿ ಮರ್ಯಾದೆ ಕಳಕೊಂಡವರಲ್ಲಿ ನಾನೂ ಒಬ್ಬ.

ಮೊದಲು ಒಂದು ಮಾತು. ಕಮಾಂಡುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ, ದೊಡ್ಡಕ್ಷರ ಅಂತ ನಾನು ಹೇಳದಿದ್ದರೆ ಎಲ್ಲಾ ಸಣ್ಣಕ್ಷರವೇ. ರಿಸಾಲ್ವ್.ಕಾನ್ಫ್ ಸ್ಪೆಲ್ಲಿಂಗಿನಲ್ಲಿ ವಿ ಆದ ಮೇಲೆ ಇ ಇಲ್ಲ, ಕೆಳಗೆ ಬರುವ ರಿಸಾಲ್ವ್ ಫೋಲ್ಡರಿಗೆ ಇದೆ.

ನೀವು ಆ ಫೈಲನ್ನು ಮೂರು ಸಲ ತಿದ್ದಿದಿರಿ, ಮೂರು ಸಲವೂ ಯಾರೋ ಅಳಿಸಿದರು. ಹಾಗಿದ್ದರೆ ಕೇಳಬೇಕಾದ ಪ್ರಶ್ನೆ ಫೈಲ್ ಲಾಕ್ ಮಾಡುವುದು ಹೇಗೆ ಅಂತಲ್ಲ, ಬರೆಯುತ್ತಿರುವವರು ಯಾರು ಅಂತ. ನಮ್ಮ ಕಡೆ ಗುಡ್ಡದ ಅಬ್ಬಿ ನೀರನ್ನು ಪೈಪ್ ಎಳೆದು ಮನೆಗೆ ತರುತ್ತಾರಲ್ಲ, ನೀರಿನಲ್ಲಿ ಕಸ ಬಂದರೆ ಅಡುಗೆಮನೆ ನಲ್ಲಿಗೆ ಬಟ್ಟೆ ಕಟ್ಟುತ್ತಾ ಕೂರುವುದಿಲ್ಲ. ಕತ್ತಿ ಹಿಡಿದು, ಇಂಬಳ ಕಚ್ಚಿಸಿಕೊಂಡು, ಪೈಪಿನ ಬಾಯಿ ಇಟ್ಟಲ್ಲಿಗೆ ಹತ್ತುತ್ತೇವೆ. ರಿಸಾಲ್ವ್.ಕಾನ್ಫ್ ನಿಮ್ಮ ನಲ್ಲಿ. ಬಾಯಿ ಬೇರೆ ಎಲ್ಲೋ ಇದೆ.

ಒಂದು ಕಾಲದಲ್ಲಿ ಈ ಫೈಲಿಗೆ ಮೇಲಿನ ಯಜಮಾನ ಇರಲಿಲ್ಲ. ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ಡಿಎನ್‌ಎಸ್ ರೂಪಿಸಿದಾಗ ಯೂನಿಕ್ಸ್ ಕಂಪ್ಯೂಟರ್ ಅಂದರೆ ಒಂದು ಕೋಣೆಯಲ್ಲಿ ಕೂತ ಅಲ್ಲಾಡದ ಪೆಟ್ಟಿಗೆ. ನೋಡಿಕೊಳ್ಳುವವನು ಒಮ್ಮೆ ಕೈಯಾರೆ ನೇಮ್‌ಸರ್ವರ್ (ಹೆಸರಿಗೆ ನಂಬರ್ ಹೇಳುವ ಕಂಪ್ಯೂಟರ್) ನಂಬರ್ ಬರೆದರೆ ವರ್ಷಗಟ್ಟಲೆ ಅದೇ. 1993ರಲ್ಲಿ ಡಿಎಚ್‌ಸಿಪಿ ಬಂತು. ಕಂಪ್ಯೂಟರ್ ನೆಟ್‌ವರ್ಕಿಗೆ ಬಂದ ಕೂಡಲೇ "ನಿನ್ನ ನಂಬರ್ ಇದು, ಹೊರಗೆ ಹೋಗುವ ದಾರಿ ಇದು, ಹೆಸರು ಕೇಳಬೇಕಾದರೆ ಇವರನ್ನು ಕೇಳು" ಅಂತ ರೂಟರೇ ಹೇಳಿಕೊಡುವ ಏರ್ಪಾಟು. ಲ್ಯಾಪ್‌ಟಾಪ್ ಹಿಡಿದು ಮನೆ, ಆಫೀಸು, ಲಾಡ್ಜು ಅಂತ ಓಡಾಡುವವರಿಗೆ ಇದಿಲ್ಲದೆ ಆಗುವುದೇ ಇಲ್ಲ. ಆದರೆ ಹಳೇ ಪ್ರೋಗ್ರಾಮುಗಳೆಲ್ಲ ಇವತ್ತಿಗೂ ಆ ಹಳೇ ಫೈಲನ್ನೇ ಓದುತ್ತವೆ. ಹಾಗಾಗಿ ಫೈಲ್ ಉಳಿಯಿತು, ಬರೆಯುವ ಕೈ ಬದಲಾಯಿತು. ಈಗ ಅದು ಯಾರೋ ಬರೆದು ಇಟ್ಟುಹೋಗುವ ಚೀಟಿ ಅಷ್ಟೇ. ನೀವು ಚೀಟಿ ತಿದ್ದಿದಿರಿ, ಬರೆದವನು ಮಾರನೇ ದಿನ ಹೊಸ ಚೀಟಿ ಇಟ್ಟ.

ಇನ್ನೊಂದು ವಿಷಯ, ನಿಮ್ಮ ಎರಡು ಕಂಪ್ಯೂಟರಿನ ಕಾಯಿಲೆ ಒಂದೇ ಅಲ್ಲ. ಸೊಸೈಟಿಯದ್ದು ನಿಮ್ಮ ಪತ್ರದಲ್ಲೇ ಹೆಚ್ಚುಕಮ್ಮಿ ಬಿಡಿಸಿದೆ, ಅದನ್ನೇ ಮೊದಲು ನೋಡೋಣ.

ಐದು ಸೆಕೆಂಡ್ ಅಂದಿರಲ್ಲ, ಅದು ಕಣ್ಣಂದಾಜಿನ ಐದಲ್ಲ, ಲೆಕ್ಕದ ಐದು. ಡೆಬಿಯನ್‌ನಂಥ ಲಿನಕ್ಸ್‌ಗಳಲ್ಲಿ ಹೆಸರು ಹುಡುಕುವ ಕೆಲಸ ಮಾಡುವ ಜಿಲಿಬ್‌ಸಿ ಲೈಬ್ರರಿ, ಫೈಲಿನ ಮೊದಲ ನೇಮ್‌ಸರ್ವರನ್ನು ಕೇಳಿ ಸರಿಯಾಗಿ 5 ಸೆಕೆಂಡ್ ಕಾಯುತ್ತದೆ. ಉತ್ತರ ಬರದಿದ್ದರೆ ಎರಡನೆಯವರನ್ನು ಕೇಳುತ್ತದೆ. ಅವರೂ ಸುಮ್ಮನಿದ್ದರೆ ಇಡೀ ಪಟ್ಟಿಯನ್ನು ಇನ್ನೊಂದು ಸುತ್ತು. ಟೈಮ್‌ಔಟ್ 5, ಅಟೆಂಪ್ಟ್ಸ್ 2, ಇವು ಅದರ ಹುಟ್ಟು ಲೆಕ್ಕ. ನಿಮ್ಮ ಪಟ್ಟಿಯಲ್ಲಿ ಮೊದಲಿರುವುದು 192.168.1.10. ಎರಡನೆಯದು, 192.168.1.1, ಸಾಮಾನ್ಯವಾಗಿ ರೂಟರ್. ಹಾಗಿದ್ದರೆ ಆ ಹತ್ತು ಯಾರು? ನನ್ನ ಊಹೆ, ಹಿಂದೆ ಯಾವತ್ತೋ ಸೊಸೈಟಿಯಲ್ಲಿ ಒಂದು ಸರ್ವರ್ ಇತ್ತು, ಅದು ಈಗ ಗುಜರಿಗೋ ಅಟ್ಟಕ್ಕೋ ಹೋಗಿದೆ, ಆದರೆ ಹೋಗಿದೆ ಅಂತ ರೂಟರಿಗೆ ಯಾರೂ ಹೇಳಿಲ್ಲ. ಅದು ನಿಷ್ಠೆಯಿಂದ ಇವತ್ತಿಗೂ ಸತ್ತವನ ವಿಳಾಸ ಕೊಡುತ್ತಿದೆ. ನಿಮ್ಮ ಡೆಬಿಯನ್ ಪ್ರತಿ ಹೊಸ ಹೆಸರಿಗೂ ಅವನ ಬಾಗಿಲು ತಟ್ಟಿ, ಐದು ಸೆಕೆಂಡ್ ನಿಂತು, ಆಮೇಲೆ ಪಕ್ಕದ ಮನೆಗೆ ಹೋಗುತ್ತಿದೆ. "ಆಮೇಲೆ ತಟ್ಟನೆ ಓಪನ್" ಆಗುವುದು ಅದಕ್ಕೇ. ಲೈನ್ ಚೆನ್ನಾಗಿಯೇ ಇದೆ.

ನೋಡುವುದು ಸುಲಭ. ಮೊದಲು "ಪಿಂಗ್ 192.168.1.10" ಕೊಡಿ. ಪಿಂಗಿಗೆ ಉತ್ತರ ಬರಲಿಲ್ಲ ಅನ್ನುವುದೇ ಸಾಕ್ಷಿಯಲ್ಲ, ಕೆಲವು ಕಂಪ್ಯೂಟರ್ ಪಿಂಗಿಗೆ ಉತ್ತರ ಕೊಡದೆಯೂ ಬದುಕಿರುತ್ತವೆ. ಅದಕ್ಕೇ "ಡಿಗ್" ಕಮಾಂಡ್ ಹಾಕಿ. ಡಿಗ್, ಒಂದು ಸ್ಪೇಸ್, ಆಮೇಲೆ ಅಟ್ ಗುರುತಿಗೆ ಅಂಟಿಸಿ 192.168.1.10, ಮತ್ತೆ ಸ್ಪೇಸ್, ಯಾವುದಾದರೂ ಸೈಟಿನ ಹೆಸರು. ಉತ್ತರ ಬಂದರೆ ಕೊನೆಯಲ್ಲಿ ಕ್ವೆರಿ ಟೈಮ್ ಅಂತ ಎಷ್ಟು ಮಿಲಿಸೆಕೆಂಡ್ ಆಯಿತು ಅಂತ ಬರುತ್ತದೆ. ಟೈಮ್ಡ್ ಔಟ್ ಅಂತ ಬಂದರೆ ಕಳ್ಳ ಸಿಕ್ಕಿದ. ಡಿಗ್ ಇಲ್ಲದಿದ್ದರೆ ಡಿಎನ್‌ಎಸ್‌ಯುಟಿಲ್ಸ್ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಿ.

ಹಾಗೇ ಆಗಿದ್ದರೆ ಸೊಸೈಟಿಯಲ್ಲಿ ಡೆಬಿಯನ್ ಮುಟ್ಟುವ ಕೆಲಸವೇ ಇಲ್ಲ. ರೂಟರಿನ ಪುಟ ತೆರೆದು, ಡಿಎಚ್‌ಸಿಪಿ ಅನ್ನುವ ಭಾಗದಲ್ಲಿ ಆ ಹತ್ತನ್ನು ತೆಗೆದರೆ ಮುಗಿಯಿತು. ತೂಕದ ಹತ್ತಿರ ಇರುವ ಕಂಪ್ಯೂಟರ್, ಕಾರ್ಯದರ್ಶಿಗಳ ಕಂಪ್ಯೂಟರ್, ಎಲ್ಲರ ಐದು ಸೆಕೆಂಡೂ ಒಟ್ಟಿಗೇ ಹೋಗುತ್ತದೆ.

ರೂಟರ್ ಪಾಸ್‌ವರ್ಡ್ ಸಿಗಲಿಲ್ಲ, ಅಥವಾ ನೆಟ್ ಕೊಟ್ಟವರು ಆ ಪುಟಕ್ಕೆ ಬೀಗ ಹಾಕಿದ್ದಾರೆ ಅಂದುಕೊಳ್ಳಿ. ಆಗ ಡೆಬಿಯನ್‌ನಲ್ಲೇ ಮಾಡಬೇಕು. ಅಲ್ಲಿ ಬರೆಯುವ ಕೈ ಯಾರದ್ದು ಅಂತ ತಿಳಿಯಲು ರಿಸಾಲ್ವ್.ಕಾನ್ಫ್‌ನ ಮೊದಲ ಸಾಲು ನೋಡಿ. ಬಹಳ ಸಲ ಹ್ಯಾಷ್ ಗುರುತಿನ ಮುಂದೆ ಬರೆದವರು ಸಹಿ ಹಾಕಿರುತ್ತಾರೆ, "ಜನರೇಟೆಡ್ ಬೈ ನೆಟ್‌ವರ್ಕ್‌ಮ್ಯಾನೇಜರ್" ಅಂತಲೋ, "ಬೈ ಡಿಎಚ್‌ಸಿಪಿಸಿಡಿ" ಅಂತಲೋ. ಸಹಿ ಇಲ್ಲದ ಡೆಬಿಯನ್ 12 ಆದರೆ, ಅದರಲ್ಲೂ ಡೆಸ್ಕ್‌ಟಾಪ್ ಇಲ್ಲದೆ ಇನ್‌ಸ್ಟಾಲ್ ಮಾಡಿದ್ದರೆ, ರೂಟರಿನಿಂದ ಡಿಎಚ್‌ಸಿಪಿ ಮಾಹಿತಿ ಕೇಳಿ ತರುವ ಡಿಎಚ್‌ಕ್ಲೈಂಟ್ ಅನ್ನುವ ಪ್ರೋಗ್ರಾಮ್ ಇರುವುದೇ ಜಾಸ್ತಿ. "ಪಿಎಸ್ ಎಎಕ್ಸ್" ಕೊಟ್ಟು ಪಟ್ಟಿಯಲ್ಲಿ ಯಾರು ಓಡುತ್ತಿದ್ದಾರೆ ನೋಡಿದರೆ ಖಾತ್ರಿಯಾಗುತ್ತದೆ.

ಡಿಎಚ್‌ಕ್ಲೈಂಟ್‌ಗೆ ಹೇಳಬೇಕಾದ ಜಾಗ "/ಇಟಿಸಿ/ಡಿಎಚ್‌ಸಿಪಿ/ಡಿಎಚ್‌ಕ್ಲೈಂಟ್.ಕಾನ್ಫ್". ಅಲ್ಲಿ ಒಂದೇ ಸಾಲು:

ಸೂಪರ್‌ಸೀಡ್ ಡೊಮೇನ್-ನೇಮ್-ಸರ್ವರ್ಸ್ 192.168.1.1, 9.9.9.9;

9.9.9.9 ಅಂದರೆ ಹೊರಗಿನ ಒಂದು ಡಿಎನ್‌ಎಸ್. ಇದನ್ನು ಸ್ವಲ್ಪ ಹತ್ತಿರದಿಂದ ನೋಡಿ, ಎಡವುವುದು ಇಲ್ಲೇ. ನಂಬರ್‌ಗಳ ನಡುವೆ ಕಾಮಾ ಇದೆ, ರಿಸಾಲ್ವ್.ಕಾನ್ಫ್‌ನಲ್ಲಿ ಇದ್ದ ಹಾಗೆ ಒಂದೊಂದು ಸಾಲು ಅಲ್ಲ. ಕೊನೆಯಲ್ಲಿ ಅರ್ಧವಿರಾಮ ಇದೆ. ಅದನ್ನು ಬಿಟ್ಟರೆ ಡಿಎಚ್‌ಕ್ಲೈಂಟ್ ಸಾಲನ್ನು ಒಪ್ಪುವುದಿಲ್ಲ, ಆ ದೂರನ್ನು ನೀವು ನೋಡದ ಯಾವುದೋ ಲಾಗಿನಲ್ಲಿ ಬರೆದು ಸುಮ್ಮನಾಗುತ್ತದೆ, ನೀವು "ಇದೂ ಕೆಲಸ ಮಾಡಲ್ಲ" ಅಂತ ಬೈಯುತ್ತೀರಿ. ಸೂಪರ್‌ಸೀಡ್ ಅಂದರೆ ರೂಟರ್ ಏನು ಕೊಟ್ಟರೂ ಬಿಸಾಕಿ ಇದನ್ನೇ ಹಿಡಿ ಅಂತ. ಅದೇ ಜಾಗದಲ್ಲಿ ಪ್ರಿಪೆಂಡ್ ಅಂತ ಬರೆದರೆ ರೂಟರ್ ಕೊಟ್ಟಿದ್ದನ್ನು ಇಟ್ಟುಕೊಂಡು ನಿಮ್ಮದನ್ನು ಮೊದಲಿಗೆ ಸೇರಿಸುತ್ತದೆ. ನಿಮಗೆ ಬೇಕಾದದ್ದು ಸೂಪರ್‌ಸೀಡ್. ಪ್ರಿಪೆಂಡ್ ಹಾಕಿದರೆ ಸತ್ತ ಹತ್ತು ಹಿಂದಿನ ಸಾಲಿನಲ್ಲಿ ಕೂತೇ ಇರುತ್ತಾನೆ. ಇದಾದ ಮೇಲೆ ಕೇಬಲ್ ಕನೆಕ್ಷನನ್ನು ಒಮ್ಮೆ ಇಳಿಸಿ ಏರಿಸಿ, ಅಥವಾ ಸುಮ್ನೆ ರೀಬೂಟ್ ಮಾಡಿ.

ಅಂದಹಾಗೆ ಡಿಎಚ್‌ಕ್ಲೈಂಟ್ ಇನ್ನು ಹೆಚ್ಚು ದಿನದ ನೆಂಟನಲ್ಲ. ಅದನ್ನು ಮಾಡಿದ ಐಎಸ್‌ಸಿ ಸಂಸ್ಥೆ 2022ರಲ್ಲೇ ಕೈಬಿಟ್ಟಿದೆ. ಮುಂದೆ ಡೆಬಿಯನ್ 13 ಹಾಕಿದಾಗ ಆ ಜಾಗದಲ್ಲಿ ಡಿಎಚ್‌ಸಿಪಿಸಿಡಿ ಇರಬಹುದು. ಅದರ ಫೈಲ್ "/ಇಟಿಸಿ/ಡಿಎಚ್‌ಸಿಪಿಸಿಡಿ.ಕಾನ್ಫ್", ಸಾಲು "ಸ್ಟ್ಯಾಟಿಕ್ ಡೊಮೇನ್_ನೇಮ್_ಸರ್ವರ್ಸ್=192.168.1.1 9.9.9.9". ಇಲ್ಲಿ ಅಡ್ಡಗೆರೆ ಬದಲು ಅಡಿಗೆರೆ, ಕಾಮಾ ಬದಲು ಸ್ಪೇಸ್, ಕೊನೆಗೆ ಅರ್ಧವಿರಾಮ ಇಲ್ಲ. ಯಾಕೆ ಒಬ್ಬೊಬ್ಬರದ್ದು ಒಂದೊಂದು ಥರ ಅಂತ ನನ್ನನ್ನು ಕೇಳಬೇಡಿ.

ಸೊಸೈಟಿಯಲ್ಲಿ ನಾನು 1.1.1.1 ಮೊದಲು ಹಾಕದೆ ರೂಟರನ್ನೇ ಮೊದಲು ಇಟ್ಟಿದ್ದು ಬೇಕೆಂದೇ. ಬಿಲ್ಲಿಂಗ್ ಕಂಪ್ಯೂಟರನ್ನೋ ಪ್ರಿಂಟರನ್ನೋ ನೀವು ಹೆಸರಿನಿಂದ ತಲುಪುತ್ತಿದ್ದರೆ, ಆ ಹೆಸರು ನಿಮ್ಮ ರೂಟರಿಗೆ ಗೊತ್ತಿರಬಹುದು. ಹೊರಗಿನ ಯಾವ ಡಿಎನ್‌ಎಸ್‌ಗೂ ಗೊತ್ತಿರುವುದಿಲ್ಲ. ಪೂರ್ತಿ ಹೊರಗಿನದ್ದಕ್ಕೆ ಹೋದ ದಿನ ನೆಟ್ ಜೋರಾಗಿರುತ್ತದೆ, ಪ್ರಿಂಟ್ ಮಾತ್ರ ಬರುವುದಿಲ್ಲ. ಆಗ "/ಇಟಿಸಿ/ಹೋಸ್ಟ್ಸ್" ಫೈಲಿನಲ್ಲಿ ಆ ಒಂದೆರಡು ಹೆಸರನ್ನು ನಂಬರಿನ ಜೊತೆ ಕೈಯಾರೆ ಬರೆದಿಡಬಹುದು, ಅದನ್ನು ಡಿಎಚ್‌ಸಿಪಿ ಬಂದು ಅಳಿಸುವುದಿಲ್ಲ.

ಆದರೆ ಆ ಎರಡನೇ ಸಾಲಿನ ಬಗ್ಗೆ ತುಂಬಾ ಜನಕ್ಕೆ ಒಂದು ತಪ್ಪು ತಿಳಿವಳಿಕೆ ಇದೆ, ಮಗನಿಗೂ ಇರಬಹುದು. ಮೊದಲನೆಯವನಿಗೆ ಗೊತ್ತಿಲ್ಲದ ಹೆಸರನ್ನು ಎರಡನೆಯವನು ಹೇಳುತ್ತಾನೆ ಅಂದುಕೊಳ್ಳುತ್ತಾರೆ. ಇಲ್ಲ. ಮೊದಲನೆಯವನು "ಅಂಥ ಹೆಸರೇ ಇಲ್ಲ" ಅಂದರೆ ಅದೂ ಒಂದು ಉತ್ತರವೇ, ಮಾತು ಅಲ್ಲಿಗೆ ಮುಗಿಯಿತು. ಅವನು ಬಾಯಿಯೇ ಬಿಡದಿದ್ದರೆ, ಇಲ್ಲವೇ "ನನ್ನಿಂದ ಆಗುವುದಿಲ್ಲ" ಅಂತ ಕೈಚೆಲ್ಲಿದರೆ ಮಾತ್ರ ಎರಡನೆಯವನ ಸರದಿ. ಹಾಗಾಗಿ ಒಳಗಿನ ಹೆಸರಿಗೆ ಒಬ್ಬ, ಹೊರಗಿನ ಹೆಸರಿಗೆ ಒಬ್ಬ ಅಂತ ಎರಡು ಸಾಲು ಬರೆದರೆ ಆಗುವುದಿಲ್ಲ. ಮತ್ತೆ ಜಿಲಿಬ್‌ಸಿ ನೋಡುವುದು ಮೊದಲ 3 ನೇಮ್‌ಸರ್ವರ್ ಸಾಲುಗಳನ್ನು ಮಾತ್ರ. ಕೆಲವರು ಆರೇಳು ಬರೆದು ಭದ್ರ ಅಂದುಕೊಂಡಿರುತ್ತಾರೆ.

ಈಗ ಮನೆ ಲ್ಯಾಪ್‌ಟಾಪಿಗೆ ಬರೋಣ. ಟರ್ಮಿನಲ್ ತೆಗೆದು "ಎಲ್ಎಸ್ -ಎಲ್ /ಇಟಿಸಿ/ರಿಸಾಲ್ವ್.ಕಾನ್ಫ್" ಕೊಡಿ. ಸಾಲಿನ ಮೊದಲ ಅಕ್ಷರ "ಎಲ್" ಇರುತ್ತದೆ, ಕೊನೆಯಲ್ಲಿ ಒಂದು ಬಾಣ, ಬಾಣದ ಆಚೆ "/ರನ್/ಸಿಸ್ಟಮ್‌ಡಿ/ರಿಸಾಲ್ವ್/ಸ್ಟಬ್-ರಿಸಾಲ್ವ್.ಕಾನ್ಫ್" ಅಂತ ಇನ್ನೊಂದು ಹೆಸರು (ಬಾಣದ ಆಚೆ ಇದರ ಮುಂದೆ ಎರಡು ಚುಕ್ಕಿ ಕಂಡರೆ ಗಾಬರಿ ಬೇಡ). ಅಂದರೆ ನೀವು ತಿದ್ದಿದ್ದು ಫೈಲೇ ಅಲ್ಲ, ಇನ್ನೊಂದು ಫೈಲಿಗೆ ಕೈತೋರಿಸುವ ಲಿಂಕ್. ಆ ಇನ್ನೊಂದು ಫೈಲ್ ಇರುವುದು ರನ್ ಅನ್ನುವ ಫೋಲ್ಡರಿನಲ್ಲಿ, ಅದು ಹಾರ್ಡ್‌ಡಿಸ್ಕಿನಲ್ಲೇ ಇಲ್ಲ, ಮೆಮೊರಿಯಲ್ಲಿದೆ. ಲ್ಯಾಪ್‌ಟಾಪ್ ಆರಿದರೆ ಆ ಫೋಲ್ಡರ್ ಪೂರ್ತಿ ಮಾಯ, ಮತ್ತೆ ಆನ್ ಆದಾಗ ಸಿಸ್ಟಮ್‌ಡಿ-ರಿಸಾಲ್ವ್ಡ್ ಅನ್ನುವ ಸರ್ವಿಸ್ ಅದನ್ನು ಹೊಸದಾಗಿ ಬರೆಯುತ್ತದೆ. ನಿಮ್ಮ 1.1.1.1 ನೀರಿನ ಮೇಲಿನ ಬರಹ ಆಗಿದ್ದು ಹೀಗೆ. ಲಾಕ್ ಕಮಾಂಡ್ ಇಂಥ ಲಿಂಕಿನ ಮೇಲೆ ನಡೆಯುವುದೂ ಇಲ್ಲ.

ಆ 127.0.0.53 ಅಂದರೆ ನಿಮ್ಮದೇ ಲ್ಯಾಪ್‌ಟಾಪ್. 127ರಿಂದ ಶುರುವಾಗುವ ನಂಬರೆಲ್ಲ ಸ್ವಂತ ಮನೆಯ ಒಳಗಿನದ್ದು. ರಿಸಾಲ್ವ್ಡ್ ಅಲ್ಲಿ ಕೂತು, ಪ್ರೋಗ್ರಾಮುಗಳ ಪ್ರಶ್ನೆ ತಗೊಂಡು, ನಿಜವಾದ ಸರ್ವರನ್ನು ತಾನು ಕೇಳಿ, ಉತ್ತರ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಅದು ಯಾರನ್ನು ಕೇಳುತ್ತಿದೆ ಅಂತ ತಿಳಿಯಲು "ರಿಸಾಲ್ವ್‌ಸಿಟಿಎಲ್ ಸ್ಟೇಟಸ್". ಅಲ್ಲಿ ನಿಮ್ಮ ವೈಫೈ ಲಿಂಕಿನ ಕೆಳಗೆ ಡಿಎನ್‌ಎಸ್ ಸರ್ವರ್ಸ್ ಅಂತ ಇರುತ್ತದೆ. ಆ ಪಟ್ಟಿಯನ್ನು ಅದಕ್ಕೆ ಕೊಟ್ಟಿದ್ದು ನೆಟ್‌ವರ್ಕ್‌ಮ್ಯಾನೇಜರ್, ವೈಫೈ ಕೇಬಲ್ ಕನೆಕ್ಷನ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಮ್. ನೆಟ್‌ವರ್ಕ್‌ಮ್ಯಾನೇಜರಿಗೆ ಕೊಟ್ಟಿದ್ದು ರೂಟರ್. ಗುಡ್ಡ ಹತ್ತುತ್ತಾ ಹೋದ ಹಾಗೆ ಪೈಪಿನ ಜಾಯಿಂಟ್ ಒಂದೊಂದೇ ಸಿಗುತ್ತಿದೆ ಅಲ್ವಾ.

ಬದಲಿಸುವ ಮೊದಲು ಬದಲಿಸಬೇಕಾ ಅಂತ ನೋಡಿ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ನಿಧಾನ ಅಂದರೆ ಹತ್ತರಲ್ಲಿ ಎಂಟು ಸಲ ಡಿಎನ್‌ಎಸ್‌ಗೂ ಅದಕ್ಕೂ ಸಂಬಂಧ ಇರುವುದಿಲ್ಲ. ಎಲ್ಲೋ ಮರ ಬಿದ್ದು ಫೈಬರ್ ಜಗ್ಗಿರುತ್ತದೆ. "ಪಿಂಗ್ 1.1.1.1" ಕೊಡಿ. ಅದೇ ತೊದಲುತ್ತಿದ್ದರೆ, ಉತ್ತರ ಬಿಟ್ಟುಬಿಟ್ಟು ಬರುತ್ತಿದ್ದರೆ, ಲೈನಿನದೇ ತೊಂದರೆ, ಲೈನ್‌ಮನ್ ಬರುವ ತನಕ ಚಾ ಕುಡಿಯಿರಿ. ನಂಬರಿಗೆ ಪಿಂಗ್ ಚೆನ್ನಾಗಿ ಹೋಗುತ್ತಿದೆ, ಹೆಸರು ಕೊಟ್ಟರೆ ಮಾತ್ರ ಒದ್ದಾಡುತ್ತಿದೆ ಅಂದರೆ ಡಿಎನ್‌ಎಸ್. ಡಿಗ್‌ನಲ್ಲಿ ನಿಮ್ಮ ರೂಟರಿಗೊಮ್ಮೆ, 1.1.1.1ಗೊಮ್ಮೆ, 9.9.9.9ಗೊಮ್ಮೆ ಕೇಳಿ ಕ್ವೆರಿ ಟೈಮ್ ಹೋಲಿಸಿ. ಒಂದೇ ಹೆಸರನ್ನು ಎರಡೆರಡು ಸಲ ಕೇಳಬೇಡಿ, ಎರಡನೇ ಸಲ ನೆನಪಿನಿಂದ ಹೇಳುತ್ತವೆ. ನೆಟ್ ಕೊಟ್ಟವರ ಸರ್ವರೇ ಹತ್ತಿರ ಇದ್ದು, ಅದೇ ಬೇಗ ಉತ್ತರ ಕೊಡುತ್ತಿದ್ದರೆ ಸುಮ್ಮನೆ ಬಿಡಿ. ಗೂಗಲ್‌ನ 8.8.8.8 ಬಂದಿದ್ದು 2009ರಲ್ಲಿ, ಕ್ವಾಡ್9ನ 9.9.9.9 2017ರಲ್ಲಿ, ಕ್ಲೌಡ್‌ಫ್ಲೇರ್‌ನ 1.1.1.1 2018ರ ಏಪ್ರಿಲ್ 1ಕ್ಕೆ. ಮೂರೂ ಒಳ್ಳೆಯವೇ. ಆದರೆ ನಂಬರ್ ಚಂದ ಇದೆ ಅಂತ ನೆಟ್ ಓಡುವುದಿಲ್ಲ. ಹೆಸರು ಹುಡುಕುವ ಹೊತ್ತು ಉಳಿಯಬಹುದು ಅಷ್ಟೇ, ವಿಡಿಯೊ ಡೌನ್‌ಲೋಡ್ ಅದರಿಂದ ಜೋರಾಗುವುದಿಲ್ಲ.

ನೋಡಿ ಆಯ್ತು, ಬದಲಿಸಬೇಕು ಅಂತಲೇ ಆದರೆ ನೆಟ್‌ವರ್ಕ್‌ಮ್ಯಾನೇಜರಿಗೆ ಹೇಳಿ. "ಎನ್‌ಎಂಸಿಎಲ್‌ಐ ಕನೆಕ್ಷನ್ ಶೋ" ಕೊಟ್ಟರೆ ಕನೆಕ್ಷನ್ ಹೆಸರು ಸಿಗುತ್ತದೆ. ನಿಮ್ಮದು "ಮನೆ" ಅಂದುಕೊಳ್ಳೋಣ. ಆಮೇಲೆ ಇಷ್ಟು:

ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ "ಮನೆ" ಐಪಿವಿ4.ಡಿಎನ್‌ಎಸ್ "1.1.1.1 9.9.9.9"
ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ "ಮನೆ" ಐಪಿವಿ4.ಇಗ್ನೋರ್-ಆಟೋ-ಡಿಎನ್‌ಎಸ್ ಯೆಸ್
ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ "ಮನೆ" ಐಪಿವಿ6.ಇಗ್ನೋರ್-ಆಟೋ-ಡಿಎನ್‌ಎಸ್ ಯೆಸ್
ಎನ್‌ಎಂಸಿಎಲ್‌ಐ ಕನೆಕ್ಷನ್ ಅಪ್ "ಮನೆ"

ಮೊದಲ ಸಾಲು ಹಾಕಿ ಉಳಿದದ್ದನ್ನು ಮರೆಯುವವರೇ ಜಾಸ್ತಿ. ಮೊದಲನೆಯದ್ದು "ಇವರನ್ನೂ ಕೇಳು" ಅನ್ನುತ್ತದೆ, "ರೂಟರ್ ಹೇಳಿದ್ದನ್ನು ಕೇಳಬೇಡ" ಅನ್ನುವುದು ಎರಡನೆಯದ್ದು. ಮೂರನೆಯದ್ದು ಇಲ್ಲದಿದ್ದರೆ ಐಪಿವಿ6 (ಹೊಸ ಮಾದರಿಯ ನೆಟ್ ವಿಳಾಸ) ಬಾಗಿಲಿನಿಂದ ಹಳೇ ಸರ್ವರೇ ಒಳಗೆ ಬರುತ್ತಾನೆ. ರೂಟರ್ ತನ್ನ ಐಪಿವಿ6 ಜಾಹೀರಾತಿನ ಜೊತೆಗೇ ಡಿಎನ್‌ಎಸ್ ವಿಳಾಸ ಸೇರಿಸಿ ಕಳಿಸಬಲ್ಲದು, ಅದಕ್ಕೆ ಡಿಎಚ್‌ಸಿಪಿಯೂ ಬೇಕಿಲ್ಲ. ನಾಲ್ಕನೆಯದ್ದು ಹಾಕುವ ತನಕ ಏನೂ ಬದಲಾಗುವುದಿಲ್ಲ. ಟರ್ಮಿನಲ್ ಬೇಡ ಅಂದರೆ ಸೆಟ್ಟಿಂಗ್ಸ್‌ನಲ್ಲಿ ವೈಫೈ ಪಕ್ಕದ ಚಕ್ರ ಒತ್ತಿ, ಐಪಿವಿ4 ಟ್ಯಾಬಿನಲ್ಲಿ ಡಿಎನ್‌ಎಸ್ ಎದುರಿನ ಆಟೋಮ್ಯಾಟಿಕ್ ಸ್ವಿಚ್ ಆಫ್ ಮಾಡಿ ನಂಬರ್ ಬರೆಯಿರಿ. ಐಪಿವಿ6 ಟ್ಯಾಬಿನಲ್ಲೂ ಆ ಸ್ವಿಚ್ ಆಫ್ ಮಾಡಿ. ಆಮೇಲೆ ವೈಫೈ ಆಫ್ ಮಾಡಿ ಆನ್ ಮಾಡಿ.

ಇದು ಆ ಒಂದು ಕನೆಕ್ಷನ್ನಿಗೆ ಮಾತ್ರ, ಅದೇ ಇದರ ಗುಣ. ಗಾಳಿಮಳೆಗೆ ಫೈಬರ್ ಹೋದಾಗ ನೀವು ಮೊಬೈಲಿನ ಹಾಟ್‌ಸ್ಪಾಟಿಗೆ ಹೋಗುತ್ತೀರಿ. ಅದು ಬೇರೆ ಕನೆಕ್ಷನ್, ಅಲ್ಲಿ ಮೊಬೈಲ್ ಕೊಟ್ಟ ಡಿಎನ್‌ಎಸ್ಸೇ ನಡೆಯುತ್ತದೆ. "ಮತ್ತೆ ಹಳೇದು ಬಂತು" ಅಂತ ಗಾಬರಿಯಾಗಬೇಡಿ. ಎಲ್ಲಾ ಕನೆಕ್ಷನ್ನಿಗೂ ಒಂದೇ ಸಲ ಹಾಕುವ ದಾರಿಯೂ ನೆಟ್‌ವರ್ಕ್‌ಮ್ಯಾನೇಜರಿನಲ್ಲಿ ಇದೆ, ಗ್ಲೋಬಲ್-ಡಿಎನ್‌ಎಸ್ ಅಂತ. ಓಡಾಡುವ ಲ್ಯಾಪ್‌ಟಾಪಿಗೆ ನಾನು ಅದನ್ನು ಹೇಳುವುದಿಲ್ಲ. ಕಾರಣ ಕೆಳಗಿದೆ.

"/ಇಟಿಸಿ/ಸಿಸ್ಟಮ್‌ಡಿ/ರಿಸಾಲ್ವ್ಡ್.ಕಾನ್ಫ್"ನಲ್ಲಿ ಬರೆಯಿರಿ ಅಂತಲೂ ಯಾರಾದರೂ ಹೇಳಿಯಾರು. ಬರೆಯಬಹುದು, ಆದರೆ ಅಲ್ಲಿ ಬರೆದ ಮಾತ್ರಕ್ಕೆ ವೈಫೈ ಲಿಂಕಿಗೆ ಅಂಟಿಕೊಂಡ ಸರ್ವರ್ ಹೋಗುವುದಿಲ್ಲ, ಮೇಲಿನ ಇಗ್ನೋರ್ ಸಾಲು ಆಗಲೂ ಬೇಕೇ ಬೇಕು. ಅದೇ ಫೈಲಿನಲ್ಲಿ ಫಾಲ್‌ಬ್ಯಾಕ್ ಡಿಎನ್‌ಎಸ್ ಅಂತ ಒಂದು ಸಾಲಿದೆ, ಅದರ ಹೆಸರು ಕೇಳಿ ಮೋಸ ಹೋಗಬೇಡಿ. ಬೇರೆ ಯಾವ ಸರ್ವರಿನ ಸುಳಿವೂ ಇಲ್ಲದಾಗ ಮಾತ್ರ ಅದು ಬಳಕೆಗೆ ಬರುತ್ತದೆ. ಇರುವ ಸರ್ವರ್ ಕೆಟ್ಟರೆ ಅದು ಬಂದು ಕಾಪಾಡುವುದಿಲ್ಲ.

ಇನ್ನು ಲಾಕ್ ಕಮಾಂಡಿನ ಕಥೆ. ಅದರ ಹೆಸರು "ಸಿಎಚ್‌ಆಟರ್ +ಐ". ಹಾಕಿದರೆ ಆ ಫೈಲನ್ನು ರೂಟ್ (ಎಲ್ಲಾ ಅಧಿಕಾರ ಇರುವ ಖಾತೆ) ಕೂಡ ತಿದ್ದಲಾಗುವುದಿಲ್ಲ, ಅಳಿಸಲಾಗುವುದಿಲ್ಲ. ಒಂದು ಆಷಾಢದಲ್ಲಿ, ಸಾಗರದ ಮನೆಯಲ್ಲಿ ಕೂತು, ನಿಮ್ಮ ಹಾಗೇ ರೇಗಿ ನಾನೂ ಲಿಂಕ್ ಕಿತ್ತು ಹಾಕಿದೆ, ಅದರ ಜಾಗದಲ್ಲಿ 8.8.8.8 ಬರೆದ ನಿಜವಾದ ಫೈಲ್ ಇಟ್ಟೆ, ಲಾಕ್ ಹಾಕಿದೆ. ಏನು ಸುಖ. ನಾಲ್ಕು ತಿಂಗಳು ಆ ಕಡೆ ತಿರುಗಿ ನೋಡಲಿಲ್ಲ. ದೀಪಾವಳಿ ಕಳೆದ ಮೇಲೆ ಶಿವಮೊಗ್ಗದಲ್ಲಿ ಗೆಳೆಯರೊಬ್ಬರ ಆಫೀಸಿಗೆ ಕೆಲಸಕ್ಕೆ ಹೋದೆ. ವೈಫೈ ಸೇರಿತು, ಸಿಗ್ನಲ್ ಪೂರ್ತಿ, ಒಂದು ಪುಟ ತೆರೆಯುವುದಿಲ್ಲ. ಪಕ್ಕದಲ್ಲಿ ಎಲ್ಲರದ್ದೂ ಓಡುತ್ತಿದೆ. ನಾನು ದೊಡ್ಡ ತಜ್ಞನಲ್ಲವಾ, "ನಿಮ್ಮ ರೂಟರ್ ಸರಿ ಇಲ್ಲ" ಅಂದೆ. ಅಲ್ಲಿನ ಹುಡುಗನಿಂದ ಎರಡು ಸಲ ರೂಟರ್ ಆಫ್ ಮಾಡಿಸಿ ಆನ್ ಮಾಡಿಸಿದೆ, ಕೆಲಸ ಮಾಡುತ್ತಿದ್ದವರ ಶಾಪ ಹಾಕಿಸಿಕೊಂಡೆ. ಆಮೇಲೆ ರಿಸಾಲ್ವ್.ಕಾನ್ಫ್ ನೋಡಿದರೆ 8.8.8.8. ಅವರ ನೆಟ್‌ವರ್ಕಿನಲ್ಲಿ ಹೊರಗಿನ ಡಿಎನ್‌ಎಸ್‌ಗೆ ದಾರಿಯೇ ಇಲ್ಲ, ಅವರದ್ದನ್ನೇ ಕೇಳಬೇಕು. ಸರಿ, ತಿದ್ದೋಣ ಅಂತ ರೂಟ್ ಅಧಿಕಾರ ಕೊಡುವ ಸುಡೋ ಹಾಕಿ ತೆರೆದೆ. ಸೇವ್ ಆಗುವುದಿಲ್ಲ, "ಆಪರೇಷನ್ ನಾಟ್ ಪರ್ಮಿಟೆಡ್". ಅಳಿಸುವುದಕ್ಕೆ ಹೋದೆ, ಅದೇ ಮಾತು. ಎಲ್ಎಸ್ ಹಾಕಿದರೆ ಪರ್ಮಿಷನ್ ಎಲ್ಲಾ ಸರಿಯಾಗಿಯೇ ಕಾಣುತ್ತದೆ, ಯಾಕೆಂದರೆ ಈ ಲಾಕಿನ ಗುರುತು ಎಲ್ಎಸ್‌ನಲ್ಲಿ ಕಾಣುವುದಿಲ್ಲ, "ಎಲ್ಎಸ್‌ಆಟರ್" ಅನ್ನುವ ಬೇರೆ ಕಮಾಂಡ್ ಬೇಕು. ಡಿಸ್ಕ್ ಕೆಟ್ಟಿದೆಯೇನೋ ಅಂತ ಅದನ್ನೂ ಪರೀಕ್ಷೆ ಮಾಡಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ, ಸಾರಿಗೆ ಅನ್ನ ಕಲಸುತ್ತಿದ್ದಾಗ, ಆಷಾಢದಲ್ಲಿ ಮಾಡಿದ್ದು ನೆನಪಾಯಿತು. ಆ ಹುಡುಗನಿಗೆ ಏನು ಕಾರಣ ಅಂತ ನಾನು ಇವತ್ತಿಗೂ ಹೇಳಿಲ್ಲ.

ಲಾಕ್ ಬೇಡ ಅನ್ನುವುದು ಇದಕ್ಕೇ. ಅದು ಕೆಲಸ ಮಾಡುತ್ತದೆ, ಆದರೆ ಬರೆಯುವವನಿಗೆ ಏನೂ ಹೇಳದೆ ಅವನ ಕೈ ಕಟ್ಟುತ್ತದೆ. ಊರು ಬದಲಾದರೂ ಬಿಡುವುದಿಲ್ಲ. ಲಾಡ್ಜಿನ ವೈಫೈಗಳಲ್ಲಿ ಮೊದಲು ಒಂದು ಲಾಗಿನ್ ಪುಟ ಬರುತ್ತದಲ್ಲ, ಎಷ್ಟೋ ಕಡೆ ಆ ಪುಟ ತೋರಿಸುವುದು ಅವರದೇ ಡಿಎನ್‌ಎಸ್. ಅಲ್ಲೂ ಸಿಕ್ಕಿಬೀಳುತ್ತೀರಿ. ನೀವು ಈಗಾಗಲೇ ಎಲ್ಲಾದರೂ ಹಾಕಿದ್ದರೆ "ಸುಡೋ ಸಿಎಚ್‌ಆಟರ್ -ಐ /ಇಟಿಸಿ/ರಿಸಾಲ್ವ್.ಕಾನ್ಫ್" ಕೊಟ್ಟು ತೆಗೆಯಿರಿ. ಉಬುಂಟುವಿನಲ್ಲಿ ಲಿಂಕ್ ಹೋಗಿ ಬರೀ ಫೈಲ್ ಉಳಿದಿದ್ದರೆ, ಲಿಂಕ್ ಮತ್ತೆ ಕೂರಿಸುವುದು ಹೀಗೆ: "ಸುಡೋ ಎಲ್ಎನ್ -ಎಸ್ಎಫ್ /ರನ್/ಸಿಸ್ಟಮ್‌ಡಿ/ರಿಸಾಲ್ವ್/ಸ್ಟಬ್-ರಿಸಾಲ್ವ್.ಕಾನ್ಫ್ /ಇಟಿಸಿ/ರಿಸಾಲ್ವ್.ಕಾನ್ಫ್".

ಮಗನ ಹತ್ತಿರ ಮ್ಯಾಕ್ ಇದ್ದರೆ ಅಲ್ಲಿ ರಿಸಾಲ್ವ್.ಕಾನ್ಫ್ ಮುಟ್ಟಿ ಪ್ರಯೋಜನವೇ ಇಲ್ಲ, ಸಿಸ್ಟಮ್ ಡಿಎನ್‌ಎಸ್ ನಂಬರ್ ಓದುವುದೇ ಬೇರೆ ಕಡೆಯಿಂದ. "ನೆಟ್‌ವರ್ಕ್‌ಸೆಟಪ್ -ಸೆಟ್‌ಡಿಎನ್‌ಎಸ್‌ಸರ್ವರ್ಸ್ ವೈ-ಫೈ 1.1.1.1" ಅಂತ ಕೊಡಬೇಕು, ವೈ-ಫೈಯಲ್ಲಿ ಡಬ್ಲ್ಯುವೂ ಎಫ್ಫೂ ದೊಡ್ಡಕ್ಷರ. ನಂಬರಿನ ಜಾಗದಲ್ಲಿ "ಎಂಪ್ಟಿ" ಅಂತ ಬರೆದರೆ ಮೊದಲಿನಂತೆ. ಫ್ರೀಬಿಎಸ್‌ಡಿಯಲ್ಲಿ ಮೇಲಿನ ಸೂಪರ್‌ಸೀಡ್ ಸಾಲೇ ನಡೆಯುತ್ತದೆ, ಫೈಲ್ ಮಾತ್ರ "/ಇಟಿಸಿ/ಡಿಎಚ್‌ಕ್ಲೈಂಟ್.ಕಾನ್ಫ್".

ಬದಲಿಸಿದ ಮೇಲೆ ಪರೀಕ್ಷೆ ಮಾಡುವಾಗ ಡಿಗ್ ಒಂದನ್ನೇ ನಂಬಬೇಡಿ. ಡಿಗ್ ನೇರ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ, ಹೋಸ್ಟ್ಸ್ ಫೈಲ್ ನೋಡುವುದೇ ಇಲ್ಲ. ಪ್ರೋಗ್ರಾಮುಗಳು ಹೋಗುವ ದಾರಿಯಲ್ಲೇ ಹೋಗಿ ನೋಡಬೇಕಾದರೆ "ಗೆಟೆಂಟ್ ಹೋಸ್ಟ್ಸ್" ಮುಂದೆ ಸೈಟಿನ ಹೆಸರು. ಉಬುಂಟುವಿನಲ್ಲಿ ಹಳೇ ನೆನಪು ಅಳಿಸಲು "ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್". ಎಲ್ಲಾ ಸರಿ ಇದ್ದೂ ಫೈರ್‌ಫಾಕ್ಸ್ ಮಾತ್ರ ಬೇರೆ ಥರ ಆಡುತ್ತಿದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ನೋಡಿ. ಅದು ಆನ್ ಇದ್ದರೆ ಬ್ರೌಸರ್ ನಿಮ್ಮ ಸಿಸ್ಟಮ್ಮಿನ ಡಿಎನ್‌ಎಸ್ ಬಿಟ್ಟು ತನ್ನದೇ ದಾರಿಯಲ್ಲಿ ಹೋಗುತ್ತದೆ.

ಇಷ್ಟೆಲ್ಲಾ ಮಾಡಿಯೂ, ತಪ್ಪು ಹೆಸರು ಟೈಪ್ ಮಾಡಿದರೆ ಜಾಹೀರಾತಿನ ಪುಟ ಬರುತ್ತಿದೆ ಅಂದರೆ ನಡುವೆ ಯಾರೋ 53ನೇ ಪೋರ್ಟಿನ (ಮಾಮೂಲಿ ಡಿಎನ್‌ಎಸ್ ಹೋಗುವ ಬಾಗಿಲು) ಪ್ರಶ್ನೆಗಳನ್ನು ಹಿಡಿದು ತಾವೇ ಉತ್ತರ ಕೊಡುತ್ತಿರಬಹುದು. ಮಾಮೂಲಿ ಡಿಎನ್‌ಎಸ್ ಪೋಸ್ಟ್‌ಕಾರ್ಡ್ ಇದ್ದ ಹಾಗೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಆಗ ನಂಬರ್ ಬದಲಿಸಿ ಉಪಯೋಗವಿಲ್ಲ, ಲಕೋಟೆ ಬೇಕು. ರಿಸಾಲ್ವ್ಡ್.ಕಾನ್ಫ್‌ನಲ್ಲಿ "ಡಿಎನ್‌ಎಸ್‌ಓವರ್‌ಟಿಎಲ್ಎಸ್=ಯೆಸ್" ಅಂತ ಸಾಲಿದೆ, ಅದರಲ್ಲಿ ಡಿಎನ್‌ಎಸ್, ಟಿಎಲ್ಎಸ್ ಮತ್ತು ಓವರ್‌ನ ಓ ದೊಡ್ಡಕ್ಷರ. ಅದು 853ನೇ ಪೋರ್ಟಿನಲ್ಲಿ ಮುಚ್ಚಿದ ಮಾತು. ಅದನ್ನು ಹಾಕುವ ಮೊದಲು ಲ್ಯಾಪ್‌ಟಾಪಿನ ಗಡಿಯಾರ ಸರಿ ಇದೆಯಾ ನೋಡಿಕೊಳ್ಳಿ. ಟೈಮ್ ತುಂಬಾ ಹಿಂದೆ ಬಿದ್ದಿದ್ದರೆ ಸರ್ಟಿಫಿಕೇಟ್ ಒಪ್ಪದೆ ಡಿಎನ್‌ಎಸ್ ನಿಲ್ಲಬಹುದು, ಡಿಎನ್‌ಎಸ್ ಇಲ್ಲದೆ ಟೈಮ್ ಸರಿಮಾಡುವ ಸರ್ವರಿನ ಹೆಸರೂ ಸಿಗುವುದಿಲ್ಲ.

ನೀವು ಸೋಮವಾರ ಸೊಸೈಟಿಗೆ ಹೋದಾಗ ಮೊದಲು ಆ 192.168.1.10 ಯಾರು ಅಂತ ಹಳಬರನ್ನು ಕೇಳಿ. ರೂಟರಿನ ಪುಟದಲ್ಲಿ ಏನೇ ಬದಲಿಸುವ ಮುಂಚೆ ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ ಅಂದರೆ ರೂಟರನ್ನು ಮಗುಚಿ ಅಡಿಯ ಸ್ಟಿಕ್ಕರ್ ನೋಡಿ, ಬದಲಿಸುವ ಗೋಜಿಗೆ ಯಾರೂ ಹೋಗಿರುವುದಿಲ್ಲ.